ಅಮ್ಮನ ಸರ, ದೇಶದ 47 ಟನ್

ನಾನು ಒಂದು ಸಹಕಾರಿ ಸೊಸೈಟಿಯಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕೂರುತ್ತೇನೆ. ಸರಾಫರು ಒಡವೆಯನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಾರೆ, ತೂಗುತ್ತಾರೆ. ನಾನು ಚೀಟಿ ಬರೆಯುತ್ತೇನೆ. ಜೂನ್ ತಿಂಗಳಲ್ಲಿ ಶಾಲೆ ಫೀಸಿಗೆಂದು ಜಾಸ್ತಿ ಜನ ಬರುತ್ತಾರೆ. ಬಳೆ ಬಿಚ್ಚುವಾಗ ಕೆಲವರು ಮುಖ ಆಚೆ ತಿರುಗಿಸುತ್ತಾರೆ. ನನಗೆ ಆಗೆಲ್ಲ ಅಮ್ಮನ ನೆನಪಾಗುತ್ತದೆ.

1990ರಲ್ಲಿ ನನಗೆ ಹನ್ನೊಂದು ವರ್ಷ. ಉಡುಪಿ ಹತ್ತಿರದ ನಮ್ಮ ಊರಿನಲ್ಲಿ ಗಲ್ಫಿಗೆ ಹೋದವರಿಲ್ಲದ ಮನೆ ಕಡಿಮೆ. ಅಪ್ಪ ಕುವೈತಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಆಮೇಲೆ ಏಳು ವಾರ ಅಪ್ಪನ ಸುದ್ದಿಯೇ ಇಲ್ಲ. ಪತ್ರವೂ ಇಲ್ಲ, ಡ್ರಾಫ್ಟೂ ಇಲ್ಲ. ಅಮ್ಮ ಮೂರು ಪವನಿನ ಸರವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗಿ ಅಡವಿಟ್ಟು ಬಂದರು. ನಾನೂ ಜೊತೆಗೆ ಹೋಗಿದ್ದೆ. ಬರುವಾಗ ಅಂಗಡಿ ಬಾಕಿ ತೀರಿಸಿ ಅಕ್ಕಿ ತಂದೆವು.

ಸೆಪ್ಟೆಂಬರ್ ಕೊನೆಗೆ ಅಪ್ಪ ಬಂದರು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿಯ ಮರುಭೂಮಿಯಲ್ಲಿ ಡೇರೆ, ಆಮೇಲೆ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿ. ಆ ಎರಡು ತಿಂಗಳಲ್ಲಿ ಏರ್ ಇಂಡಿಯಾ ಹೀಗೆ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಕರೆತಂದಿತು. ಅಪ್ಪ ಷರ್ಟಿನ ಒಳಗೆ ಹೊಲಿದುಕೊಂಡು ತಂದಿದ್ದ ದಿನಾರ್ ನೋಟುಗಳನ್ನು ಮೇಜಿನ ಮೇಲೆ ಇಟ್ಟರು. ಅಮ್ಮಾನ್‌ನಲ್ಲಿ ಅದನ್ನು ಕೇಳುವವರೇ ಇರಲಿಲ್ಲವಂತೆ.

ನಮ್ಮ ಮನೆಯಂಥ ಎಷ್ಟೋ ಮನೆಗಳಿಗೆ ಬರುತ್ತಿದ್ದ ದುಡ್ಡು ನಿಂತಾಗ ದೇಶಕ್ಕೆ ಬರುತ್ತಿದ್ದ ವಿದೇಶಿ ಹಣವೂ ಕಡಿಮೆಯಾಯಿತು. ಅದೇ ಹೊತ್ತಿಗೆ ಎಣ್ಣೆಯ ಬೆಲೆ ಏರಿತು. 1991ರಲ್ಲಿ ದೇಶದ ಬಳಿ ಡಾಲರ್ ಮುಗಿಯುತ್ತ ಬಂದ ಬಿಕ್ಕಟ್ಟಿಗೆ ಎಲ್ಲರೂ ಈ ಯುದ್ಧವನ್ನೇ ಕಾರಣ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಪ್ಪ ಬರಿಗೈಯಲ್ಲಿ ಬಂದಾಗ ನಮಗೆ ಬೇರೆ ಸಾಲ ಇರಲಿಲ್ಲ, ಅಮ್ಮನ ಸರದ ಮೇಲಿನದು ಬಿಟ್ಟರೆ. ದೇಶಕ್ಕೆ ಹಾಗಿರಲಿಲ್ಲ. ಎಂಬತ್ತರ ದಶಕವಿಡೀ ಸರ್ಕಾರ ಬಂದದ್ದಕ್ಕಿಂತ ಜಾಸ್ತಿ ಖರ್ಚು ಮಾಡಿತ್ತು. 1991ರ ಮಾರ್ಚ್ ಹೊತ್ತಿಗೆ ಹೊರದೇಶದ ಸಾಲ 8,300 ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ಒಂದು ಪಾಲು ಕೆಲವೇ ತಿಂಗಳಲ್ಲಿ ತೀರಿಸಬೇಕಾದ ಸಾಲ. ಐದಾರು ವರ್ಷಕ್ಕೆ ಫಸಲು ಬರುವ ಅಡಿಕೆ ತೋಟಕ್ಕೆ ಆರು ತಿಂಗಳ ಸಾಲ ತೆಗೆದರೆ ಏನಾಗುತ್ತದೆ ಎಂದು ನಮ್ಮ ಕೌಂಟರಿಗೆ ಬರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಲ ಕೊಟ್ಟವನು ಪ್ರತಿ ಸಲವೂ ಗಡುವು ಮುಂದೆ ಹಾಕಿ ಕೊಡಬೇಕು. ಒಂದು ಸಲ ಆಗಲ್ಲ ಅಂದರೆ ಮುಗಿಯಿತು.

ಆಗಿದ್ದೂ ಅದೇ. ಸಾಲ ತೀರಿಸುವ ಶಕ್ತಿ ನೋಡಿ ದೇಶಗಳಿಗೆ ದರ್ಜೆ ಕೊಡುವ ರೇಟಿಂಗ್ ಕಂಪನಿಗಳು ಭಾರತದ ದರ್ಜೆ ಇಳಿಸಿದವು. ವಿದೇಶಿ ಬ್ಯಾಂಕುಗಳು ಗಡುವು ಮುಂದೆ ಹಾಕಲು ಹಿಂದೆಗೆದವು. ಹೊರದೇಶದಲ್ಲಿದ್ದ ಭಾರತೀಯರು ಇಲ್ಲಿ ಇಟ್ಟಿದ್ದ ಠೇವಣಿ ತೆಗೆಯತೊಡಗಿದರು. 1991ರ ಏಪ್ರಿಲ್‌ನಿಂದ ಜೂನ್‌ವರೆಗೆ, ಮೂರೇ ತಿಂಗಳಲ್ಲಿ, ಸುಮಾರು 95 ಕೋಟಿ ಡಾಲರ್ ಹೊರಗೆ ಹೋಯಿತು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಒಬ್ಬೊಬ್ಬರೂ ತಮ್ಮ ಮಕ್ಕಳ ದುಡ್ಡು ಉಳಿಸಿಕೊಂಡರು, ಅಷ್ಟೇ. ಎಲ್ಲರೂ ಒಟ್ಟಿಗೆ ಉಳಿಸಿಕೊಳ್ಳಲು ಹೋದಾಗ ಡಬ್ಬಿ ಬರಿದಾಯಿತು. ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿಯಿತು.

ಮೇ ತಿಂಗಳಲ್ಲಿ ಸರ್ಕಾರ 20 ಟನ್ ಚಿನ್ನವನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿತು, ಮತ್ತೆ ಕೊಂಡುಕೊಳ್ಳುವ ಷರತ್ತಿನ ಮೇಲೆ. ಅದು ಕಳ್ಳಸಾಗಣೆಯವರಿಂದ ಹಿಡಿದ ಚಿನ್ನ. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ತನ್ನದೇ ಸುಮಾರು 47 ಟನ್ ತೆಗೆದು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡವಿಟ್ಟಿತು. ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಗುಟ್ಟಾಗಿ ವಿಮಾನ ನಿಲ್ದಾಣಕ್ಕೆ ಹೊರಟಿದ್ದ ವ್ಯಾನ್ ದಾರಿಯಲ್ಲೇ ಕೆಟ್ಟು ನಿಂತಿತು. ಸುದ್ದಿ ಪತ್ರಿಕೆಯಲ್ಲಿ ಬಂತು. ನಮ್ಮ ಜಗಲಿಯಲ್ಲಿ ಕೂತು ಅಪ್ಪ ಅದನ್ನು ಗಟ್ಟಿಯಾಗಿ ಓದಿದರು. ಅಮ್ಮ ಒಳಗಿನಿಂದ ಬಂದು, ‘ಬಡ್ಡಿ ಎಷ್ಟಂತೆ?’ ಎಂದು ಕೇಳಿದರು. ಇವತ್ತಿಗೂ ಅದಕ್ಕಿಂತ ಸರಿಯಾದ ಪ್ರಶ್ನೆ ನನಗೆ ಹೊಳೆದಿಲ್ಲ.

ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆ ಇಳಿಸಿದರು. 21 ರೂಪಾಯಿಯ ಡಾಲರ್ 26ರ ಹತ್ತಿರ ಬಂತು. ಆಗಸ್ಟ್ ಹೊತ್ತಿಗೆ ಬೆಲೆ ಏರಿಕೆ ಶೇ. 16 ದಾಟಿತ್ತು. ದೇಶ ತನ್ನ ಚಿನ್ನದ ಸಾಲವನ್ನು ಆ ವರ್ಷವೇ ತೀರಿಸಿತು. ಅಮ್ಮನ ಸರ ಬಿಡಿಸಲು ಆಗಲಿಲ್ಲ. ಪ್ರತಿ ವರ್ಷ ಬಡ್ಡಿ ಮಾತ್ರ ಕಟ್ಟಿ ಚೀಟಿ ಬದಲಾಯಿಸುತ್ತಿದ್ದರು.

ಈ ಕೆಲಸಕ್ಕೆ ಸೇರಿದ ಮೇಲೆ ಬೇರೆ ದೇಶಗಳ ಕಥೆ ಓದತೊಡಗಿದೆ. 1997ರಲ್ಲಿ ಥಾಯ್ಲೆಂಡಿನ ಕಂಪನಿಗಳು ಡಾಲರಿನಲ್ಲಿ ಅಲ್ಪಾವಧಿ ಸಾಲ ತೆಗೆದು ಬ್ಯಾಂಕಾಕಿನ ಕಟ್ಟಡಗಳಿಗೆ ಹಾಕಿದ್ದವು. 2008ರಲ್ಲಿ ಮುಳುಗಿದ ಅಮೆರಿಕದ ಬ್ಯಾಂಕ್ ಲೇಮನ್ ಬ್ರದರ್ಸ್ ಒಂದು ರಾತ್ರಿಯ ಸಾಲವನ್ನು ದಿನವೂ ಹೊಸದು ಮಾಡಿಕೊಳ್ಳುತ್ತಿತ್ತು. ಊರು ಬೇರೆ, ಗಡುವಿನ ಕಥೆ ಅದೇ.

ನನ್ನನ್ನು ತುಂಬಾ ಕಾಡಿದ್ದು ದಕ್ಷಿಣ ಕೊರಿಯಾ. ಅಲ್ಲಿಯ ದೊಡ್ಡ ಕಂಪನಿಗಳೂ ಬ್ಯಾಂಕುಗಳೂ ಡಾಲರ್ ಸಾಲದಲ್ಲಿ ಮುಳುಗಿ, ದೇಶ ಸಾಲ ಕೇಳಿಕೊಂಡು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಹೋಯಿತು. 1998ರ ಜನವರಿಯಲ್ಲಿ ಜನ ಸಾಲುಗಟ್ಟಿ ನಿಂತು ಮನೆಯ ಚಿನ್ನ ತಂದು ಒಪ್ಪಿಸಿದರು. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕೊಟ್ಟ ಪುಟ್ಟ ಉಂಗುರ. ಸುಮಾರು 35 ಲಕ್ಷ ಜನ, 227 ಟನ್. ಆ ಫೋಟೋ ನೋಡಿ ನಾನು ಅತ್ತಿದ್ದೇನೆ. ಸಿಟ್ಟೂ ಬಂತು. ಸಾಲ ಮಾಡಿದವರು ಆ ಸಾಲಿನಲ್ಲಿ ನಿಂತ ಅಜ್ಜಿಯರಲ್ಲ, ಅಲ್ವಾ? ಕೆಲಸ ಕಳೆದುಕೊಂಡವರೂ ಅವರ ಮಕ್ಕಳೇ.

ಕುವೈತಿನಿಂದ ಓಡಿ ಬಂದವರಿಗೆ ವಿಶ್ವಸಂಸ್ಥೆಯ ಆಯೋಗವೊಂದು ಪರಿಹಾರ ಕೊಟ್ಟಿತು, ಇರಾಕಿನ ಎಣ್ಣೆ ಮಾರಿದ ದುಡ್ಡಿನಿಂದ. ಅಪ್ಪನಿಗೆ ಅದು ಕೈಗೆ ಬಂದಾಗ 1997. ಡಾಲರಿಗೆ ಮೂವತ್ತೈದು ರೂಪಾಯಿ ದಾಟಿತ್ತು. ನಮ್ಮ ಅಕ್ಕಿಯನ್ನು ತುಟ್ಟಿ ಮಾಡಿದ ಅದೇ ಇಳಿಕೆಯಿಂದ ಆ ದಿನ ನಮಗೆ ಜಾಸ್ತಿ ರೂಪಾಯಿ ಸಿಕ್ಕಿತು. ಅಮ್ಮ ಅವತ್ತೇ ಹೋಗಿ ಸರ ಬಿಡಿಸಿಕೊಂಡು ಬಂದರು. ಮನೆಗೆ ಬರುವ ತನಕ ಕಾಯಲಿಲ್ಲ, ಸೊಸೈಟಿಯ ಮೆಟ್ಟಿಲಲ್ಲೇ ಹಾಕಿಕೊಂಡರು.

ಮರುವರ್ಷ ನನ್ನ ಕಾಲೇಜು ಫೀಸಿಗೆ ಅದೇ ಸರ ಮತ್ತೆ ಅಡವಿಗೆ ಹೋಯಿತು.