ಗೋಡೆಯೊಳಗಿನ ಗುಂಯ್

ಮನೆ ಬೆಚ್ಚಗಿಡುವ ಯಂತ್ರ ಇರುವುದು ನೆಲಮಾಳಿಗೆಯಲ್ಲಿ. ಅದರ ಫ್ಯಾನ್ ಗುಂಯ್‌ಗುಟ್ಟುವುದು ನನ್ನ ದಿಂಬಿನ ಪಕ್ಕದಲ್ಲಿ. ತಗಡಿನ ಕೊಳವೆ ಬಿಸಿಗಾಳಿಯ ಜೊತೆ ಸದ್ದನ್ನೂ ನಿಷ್ಠೆಯಿಂದ ಹೊತ್ತು ತರುತ್ತದೆ.

ಮೊನ್ನೆ ಕೊಳವೆಯ ಮೇಲೆ ಅಂಗೈ ಇಟ್ಟು ನೋಡಿದೆ. ಯಂತ್ರಕ್ಕೆ ಸೇರುವ ಕಡೆ ಗಡಗಡ ನಡುಕ. ತಗಡಿಗೆ ತಗಡನ್ನೇ ಸ್ಕ್ರೂ ಹಾಕಿ ಬಿಗಿದಿದ್ದಾರೆ, ಪುಣ್ಯಾತ್ಮರು! ನಡುವೆ ನಾಲ್ಕು ಬೆರಳಗಲ ದಪ್ಪ ಬಟ್ಟೆಯ ಜೋಡಣೆ ಹಾಕಿಸಿದೆ. ನಡುಕ ಅಲ್ಲಿಂದ ಮುಂದೆ ಹೋಗಲಿಲ್ಲ. ಧೂಳು ಮೆತ್ತಿ ಕಂಬಳಿಯಂತಾಗಿದ್ದ ಫಿಲ್ಟರನ್ನೂ ಬದಲಿಸಿದೆ.

ಫ್ಯಾನಿನ ವೇಗವನ್ನು ಒಂದೇ ಹಂತ ಇಳಿಸಿದ್ದೇವೆ. ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ ಎಂಬುದು ಲೆಕ್ಕ. ಆಸೆಗೆ ಬಿದ್ದು ತೀರಾ ಇಳಿಸಿದರೆ, ಗಾಳಿ ಸಾಲದೆ ಯಂತ್ರವೇ ಅತಿಯಾಗಿ ಕಾದು ನಿಂತುಬಿಡುತ್ತದೆ.

ಕೊಳವೆಯೊಳಗೆ ಹರಿದು ಬರುವ ಸದ್ದು ಇನ್ನೂ ಸ್ವಲ್ಪ ಉಳಿದಿದೆ. ಹೊರಗೆ ಸುತ್ತುವ ಹೊದಿಕೆಯಿಂದ ಅದಕ್ಕೆ ಹೆಚ್ಚೇನೂ ಆಗದು. ಒಳಮೈಗೇ ಗಾಜಿನಾರಿನ ಪದರ ಬೇಕು. ಅದು ಮುಂದಿನ ತಿಂಗಳು.

ಎಷ್ಟೋ ಚಳಿಗಾಲ ಈ ಸದ್ದನ್ನು ಮಲಗಿದಲ್ಲೇ ಬೈದಿದ್ದೇನೆ. ಎದ್ದು ಹೋಗಿ ಕೈಯಿಟ್ಟು ನೋಡಿದ್ದು ಮಾತ್ರ ಇದೇ ಮೊದಲು.