ಮೊದಲು ಕಣ್ಣು, ಆಮೇಲೆ ಗಾಳ

ಮರುಭೂಮಿ ಸರೋವರದ ಮೊಣಕಾಲುದ್ದ ನೀರಿನಲ್ಲಿ ಕಾರ್ಪ್ ಮೀನು ಹಿಡಿಯುವುದು ಮುಕ್ಕಾಲು ಪಾಲು ನೋಡುವ ಕೆಲಸ. ಸೂರ್ಯ ಬೆನ್ನ ಹಿಂದಿರಬೇಕು, ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಬೇಕೇ ಬೇಕು. ತಲೆ ತಗ್ಗಿಸಿ, ಬಾಲ ಎತ್ತಿ ಕೆಸರು ಕೆದಕುತ್ತಿದೆಯೇ? ಅದು ಮೇಯುತ್ತಿರುವ ಮೀನು, ಅದಕ್ಕೇ ಎಸೆಯಿರಿ. ಬಿಸಿಲು ಕಾಯುತ್ತ ತೇಲುವುದನ್ನೂ ಸರಸರ ಸಾಗುವುದನ್ನೂ ಬಿಟ್ಟುಬಿಡಿ.

ಗೈಡ್ "11 ಗಂಟೆ, 30 ಅಡಿ" ಎಂದರೆ ಅದು ಗಡಿಯಾರದ ಮುಳ್ಳಿನಂತೆ ಹೇಳುವ ದಿಕ್ಕು; ದೋಣಿಯ ಮೂತಿಯೇ 12 ಗಂಟೆ. ಮೊದಲು ರಾಡ್ (ಗಾಳದ ಕೋಲು) ಅತ್ತ ತೋರಿಸಿ, ಇಬ್ಬರೂ ನೋಡುತ್ತಿರುವುದು ಒಂದೇ ಮೀನನ್ನು ಎಂದು ಖಚಿತವಾಗಲಿ. 7 ಅಥವಾ 8 ತೂಕದ (ಇದು ಕಿಲೋ ಅಲ್ಲ, ದಾರದ ದರ್ಜೆ) ಫ್ಲೈ ರಾಡ್, ದಾರದ ತುದಿಗೆ 10 ಅಡಿಯಷ್ಟು ಲೀಡರ್ ಎಂಬ ತೆಳು ಎಳೆ ಸಾಕು. ಫ್ಲೈ, ಅಂದರೆ ಹುಳುವಿನಂತೆ ಕಟ್ಟಿದ ಕೃತಕ ಗಾಳ, ಮೀನಿನ ತಲೆಯ ಮೇಲೆ ಬಿದ್ದರೆ ಮೀನು ಹೋಯಿತೆಂದೇ ಲೆಕ್ಕ. ಅದರಾಚೆ ಎಸೆದು, ಮೇಲ್ಮೈಯಲ್ಲೇ ಮೆಲ್ಲಗೆ ಎಳೆತಂದು, ಮೂತಿಯಿಂದ ಒಂದು ಗೇಣು ದೂರದಲ್ಲಿ ಮುಳುಗಲು ಬಿಡಿ.

ಹೆಚ್ಚಿನವರು ಸೋಲುವುದು ಇಲ್ಲಿಂದ ಮುಂದೆ. ದಾರ ಬಿಗಿಯಾಗಲೆಂದು ಕಾಯುತ್ತಾರೆ. ಕಾರ್ಪ್ ಕಚ್ಚಿ ಎಳೆಯುವುದಿಲ್ಲ, ಹೀರಿಕೊಳ್ಳುತ್ತದೆ. ಒಗ್ಗದಿದ್ದರೆ ಕ್ಷಣದಲ್ಲಿ ಉಗುಳುತ್ತದೆ. ತಲೆ ವಾಲಿತೋ, ಬಾಯಿ ತೆರೆದು ಮುಚ್ಚಿತೋ, ಆಗಲೇ ದಾರ ಎಳೆಯಬೇಕು.

ಕೆಸರುಮೀನೆಂದು ಇದನ್ನು ಹಗುರವಾಗಿ ಕಾಣುವುದು ಬೇಸರದ ಸಂಗತಿ. ಗಾಳಿಚೀಲದಿಂದ ಒಳಕಿವಿಗೆ ಪುಟ್ಟ ಎಲುಬುಗಳ ಸರಪಣಿ ಇರುವ ಮೀನಿದು, ಕಿವಿ ಬಲು ಸೂಕ್ಷ್ಮ. ದೋಣಿಯಲ್ಲಿ ಡಬ್ಬಿ ಎಳೆದ ಸದ್ದಿಗೇ ಇಡೀ ಹಿಂಡು ಚದುರಬಹುದು. ಗಾಳಿ ಎದ್ದು ನೀರು ಅಲೆಯಾದರೆ ಮೀನು ಕಾಣುವುದೇ ಇಲ್ಲ. ಆಗ ಗಾಳಿಮರೆಯ ದಡಕ್ಕೆ ಸರಿಯಿರಿ.