ನೋಡಿದ್ದಕ್ಕೂ ಜೈಲಾಗುತ್ತಾ ಎಂದು ಕೇಳಿದ ತಾಯಿಗೆ

ಕಳೆದ ತಿಂಗಳು ತಾಯಿಯೊಬ್ಬರು ಮಗನ ಮೊಬೈಲ್ ಹಿಡಿದುಕೊಂಡು ನನ್ನ ವಕೀಲಿ ಕಚೇರಿಗೆ ಬಂದರು. ಕುಳಿತ ಕೂಡಲೇ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮಾತು ಮುಗಿಯುವವರೆಗೂ ಅದರ ಮೇಲಿಟ್ಟ ಕೈ ತೆಗೆಯಲಿಲ್ಲ. 20 ವರ್ಷದ ಮಗ ರಾತ್ರಿ ಅಶ್ಲೀಲ ತಾಣವೊಂದನ್ನು ನೋಡುತ್ತಿದ್ದಾಗ ಪೊಲೀಸ್ ಲಾಂಛನವಿದ್ದ ನೋಟಿಸೊಂದು ಪರದೆಯ ತುಂಬ ಮೂಡಿತ್ತು. ಅದು ಕೇಳಿದ ಮೊಬೈಲ್ ಸಂಖ್ಯೆಯನ್ನು ಹುಡುಗ ಗಾಬರಿಯಲ್ಲಿ ತುಂಬಿದ್ದ. ಮರುದಿನ ಸೈಬರ್ ಪೊಲೀಸ್ ಎಂದು ಹೇಳಿಕೊಂಡವನೊಬ್ಬ ಕರೆ ಮಾಡಿ, ಕೇಸು ದಾಖಲಾಗಿದೆ, ದಂಡ ಕಟ್ಟದಿದ್ದರೆ ಮನೆಗೆ ಬಂದು ಎಳೆದೊಯ್ಯುತ್ತೇವೆ ಎಂದು ಹೆದರಿಸಿ ಎರಡು ಕಂತಿನಲ್ಲಿ ಹಣ ಹಾಕಿಸಿಕೊಂಡಿದ್ದ. ಮೂರನೆಯ ಬೇಡಿಕೆ ಬಂದಾಗ ಹುಡುಗ ಊಟ ಬಿಟ್ಟು ಕುಳಿತಿದ್ದರಿಂದ ವಿಷಯ ಮನೆಯವರಿಗೆ ಗೊತ್ತಾಯಿತು. "ಮೇಡಂ, ನೋಡಿದ್ದಕ್ಕೂ ಜೈಲಾಗುತ್ತಾ?" ಎಂದು ಆಕೆ ಕೇಳಿದರು.

ಆಗುವುದಿಲ್ಲ ಎಂದೆ. ಆಕೆಗೆ ನಂಬಿಕೆ ಬರಲಿಲ್ಲ, ಅದು ಸಹಜವೂ ಹೌದು. ಸರ್ಕಾರವೇ ಮುಚ್ಚಿಸಿದ ತಾಣವನ್ನು ನೋಡುವುದು ಅಪರಾಧವಲ್ಲ ಎಂದರೆ ಯಾರಿಗಾದರೂ ಗೊಂದಲವಾಗುತ್ತದೆ, ಆ ಗೊಂದಲವೇ ವಂಚಕರಿಗೆ ಬಂಡವಾಳವೂ ಆಗುತ್ತದೆ. ಅಂದು ಆಕೆಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಮ್ಮ ದೇಶದ ಯಾವ ಶಾಸನವೂ ಪೋರ್ನೋಗ್ರಫಿ ಕಾನೂನುಬದ್ಧ ಎಂದು ಘೋಷಿಸಿಲ್ಲ. ಹಾಗೆಯೇ, ವಯಸ್ಕನೊಬ್ಬ ವಯಸ್ಕರ ಚಿತ್ರವನ್ನು ತನ್ನ ಕೋಣೆಯಲ್ಲಿ ನೋಡಿದರೆ ಶಿಕ್ಷೆ ಎನ್ನುವ ಕಲಮೂ ಇಲ್ಲ. 1860ರ ಭಾರತೀಯ ದಂಡ ಸಂಹಿತೆಯ 292ನೇ ಕಲಮನ್ನು ಓದಿದವರಿಗೆ ಇದು ತಿಳಿಯುತ್ತದೆ. ಅಶ್ಲೀಲ ವಸ್ತುವನ್ನು ಮಾರುವುದು, ಬಾಡಿಗೆಗೆ ಕೊಡುವುದು, ಹಂಚುವುದು, ಸಾರ್ವಜನಿಕವಾಗಿ ಪ್ರದರ್ಶಿಸುವುದು, ಆಮದು ಮಾಡುವುದು ಅಪರಾಧವೆಂದು ಅದು ಹೇಳುತ್ತಿತ್ತು. ಬಳಿಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವೇ ಆಗಿತ್ತು, ಆದರೆ ಮಾರುವ ಅಥವಾ ಹಂಚುವ ಉದ್ದೇಶವಿದ್ದಾಗ ಮಾತ್ರ. ಬ್ರಿಟಿಷರು ಬರೆದ ಈ ಕಾನೂನು ಮೊದಲಿನಿಂದಲೂ ಅಂಗಡಿಯ ಮೇಲೆ ಕಣ್ಣಿಟ್ಟಿತ್ತು, ಕೊಂಡುಹೋಗಿ ಓದುವವನನ್ನು ಕೈಬಿಟ್ಟಿತ್ತು. ವ್ಯಕ್ತಿಯ ಸ್ವಾತಂತ್ರ್ಯದ ಮೇಲಿನ ಗೌರವದಿಂದ ಹಾಗೆ ಬಿಟ್ಟರೆಂದು ನಾನು ಹೇಳಲಾರೆ. ಬಿಟ್ಟ ಜಾಗದಲ್ಲಿ ಸ್ವಾತಂತ್ರ್ಯ ಉಳಿದುಕೊಂಡಿತು ಎಂದಷ್ಟೇ ಹೇಳಬಹುದು.

ಅಶ್ಲೀಲ ಎಂದರೇನು ಎಂಬ ಪ್ರಶ್ನೆಗೆ ಮಾತ್ರ ಆ ಸಂಹಿತೆಯಲ್ಲಿ ಉತ್ತರವಿರಲಿಲ್ಲ. ಉತ್ತರ ಇಂಗ್ಲೆಂಡಿನಿಂದ ಬಂದಿತು. ವುಲ್ವರ್‌ಹ್ಯಾಂಪ್ಟನ್ನಿನ ಲೋಹದ ವ್ಯಾಪಾರಿ ಹೆನ್ರಿ ಸ್ಕಾಟ್ ಎಂಬಾತನ ಮನೆಯಲ್ಲಿ 252 ಕಿರುಹೊತ್ತಿಗೆಗಳನ್ನು ವಶಪಡಿಸಿಕೊಂಡಿದ್ದರು. ಅವು ಕಾಮಪ್ರಚೋದನೆಗಾಗಿ ಬರೆದವಾಗಿರಲಿಲ್ಲ. ಕ್ಯಾಥೊಲಿಕ್ ಪಾದ್ರಿಗಳ ಪಾಪನಿವೇದನೆಯ ಪದ್ಧತಿಯನ್ನು ಖಂಡಿಸುವ ಪ್ರಾಟೆಸ್ಟೆಂಟ್ ಪ್ರಚಾರ ಸಾಹಿತ್ಯವಾಗಿದ್ದವು. ಆತ ಲಾಭವಿಲ್ಲದೆ, ಅಸಲು ಬೆಲೆಗೇ ಅವುಗಳನ್ನು ಮಾರುತ್ತಿದ್ದ. ಆದರೂ 1868ರಲ್ಲಿ ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್, ಉದ್ದೇಶ ಏನೇ ಇರಲಿ, ಅನೈತಿಕ ಪ್ರಭಾವಕ್ಕೆ ಒಳಗಾಗಬಲ್ಲ ಮನಸ್ಸುಗಳ ಕೈಗೆ ಇಂಥ ಬರಹ ಸಿಕ್ಕಿದರೆ ಅವುಗಳನ್ನು ಕೆಡಿಸುವ ಪ್ರವೃತ್ತಿ ಅದಕ್ಕಿದೆಯೇ ಎಂಬುದೇ ಪರೀಕ್ಷೆ ಎಂದರು. ಪ್ರಕರಣದ ಹೆಸರಿನಿಂದ ಇದು ಹಿಕ್ಲಿನ್ ಪರೀಕ್ಷೆ ಎನಿಸಿಕೊಂಡಿತು. ಇದರ ಪ್ರಕಾರ ಸಮಾಜದ ಅತ್ಯಂತ ದುರ್ಬಲ ಮನಸ್ಸು ಎಲ್ಲರ ಓದಿಗೂ ಅಳತೆಗೋಲಾಯಿತು, ಇಡೀ ಪುಸ್ತಕದ ಬದಲು ಅದರ ನಾಲ್ಕು ಸಾಲುಗಳನ್ನು ಕಿತ್ತು ನೋಡುವುದಕ್ಕೂ ಅವಕಾಶವಾಯಿತು.

ಅಮೆರಿಕದ ಸುಪ್ರೀಂ ಕೋರ್ಟ್ 1957ರ ರಾತ್ ಪ್ರಕರಣದಲ್ಲಿ ಈ ಅಳತೆಗೋಲನ್ನು ಬಿಟ್ಟಿತು. ಇಂಗ್ಲೆಂಡೇ 1959ರಲ್ಲಿ ಹೊಸ ಶಾಸನ ಮಾಡಿ, ಕೃತಿಯನ್ನು ಇಡಿಯಾಗಿ ನೋಡಬೇಕೆಂದೂ ಸಾಹಿತ್ಯ, ಕಲೆಗಳ ಹಿತಕ್ಕಾಗಿ ವಿನಾಯಿತಿ ಇರಬೇಕೆಂದೂ ಒಪ್ಪಿಕೊಂಡಿತು. ನಮ್ಮ ಸುಪ್ರೀಂ ಕೋರ್ಟು ಮಾತ್ರ ಅವರಿಬ್ಬರೂ ಕೈಬಿಟ್ಟ ಮೇಲೆ ಅದಕ್ಕೆ ಮುದ್ರೆ ಒತ್ತಿತು. 1959ರ ಡಿಸೆಂಬರಿನಲ್ಲಿ ಬೊಂಬಾಯಿಯ ಒಂದು ಪುಸ್ತಕದಂಗಡಿಗೆ ಪೊಲೀಸರು ಗಿರಾಕಿಯ ವೇಷದಲ್ಲಿ ಒಬ್ಬನನ್ನು ಕಳುಹಿಸಿ ಡಿ.ಎಚ್. ಲಾರೆನ್ಸ್‌ನ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯನ್ನು ಕೊಂಡರು. ಅಂಗಡಿಯ ಪಾಲುದಾರರಿಗೆ ತಲಾ 20 ರೂಪಾಯಿ ದಂಡವಾಯಿತು. ಅವರಲ್ಲೊಬ್ಬರಾದ ರಂಜಿತ್ ಉದೇಶಿ ಸುಪ್ರೀಂ ಕೋರ್ಟಿನವರೆಗೂ ಹೋದರು. ಲಂಡನ್ನಿನ ತೀರ್ಪುಗಾರರು 1960ರಲ್ಲೇ ಇದೇ ಕಾದಂಬರಿಯ ಪ್ರಕಾಶಕರನ್ನು ಖುಲಾಸೆ ಮಾಡಿದ್ದರೂ, 1964ರಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಹಿಕ್ಲಿನ್ ಪರೀಕ್ಷೆಯನ್ನು ಅನ್ವಯಿಸಿ ದಂಡವನ್ನು ಎತ್ತಿಹಿಡಿದರು. ಪೋರ್ನೋಗ್ರಫಿಯೆಂದರೆ ಅಶ್ಲೀಲತೆಯ ಇನ್ನಷ್ಟು ಉಲ್ಬಣಗೊಂಡ ರೂಪ ಎಂಬ ವಿವರಣೆಯೂ ಆ ತೀರ್ಪಿನಲ್ಲಿದೆ. ಅದನ್ನು ಓದುವಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಒಂದು ಕಾದಂಬರಿಯನ್ನು ಮಾರಿದವನಿಗೂ ನೀಲಿಚಿತ್ರದ ವ್ಯಾಪಾರಿಗೂ ಒಂದೇ ಕಲಮು ಸಾಕೆಂಬ ಅಭ್ಯಾಸ ಅಲ್ಲಿಂದಲೇ ಗಟ್ಟಿಯಾಯಿತು.

1969ರಲ್ಲಿ ಸಂಸತ್ತು ಈ ಕಲಮನ್ನು ತಿದ್ದಿತು. ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಸಮರ್ಥನೀಯವಾದದ್ದು ಅಪರಾಧವಲ್ಲ ಎಂದಿತು. ದೇವಾಲಯ ಮತ್ತು ದೇವರ ಮೂರ್ತಿಯನ್ನು ಸಾಗಿಸುವ ತೇರಿನ ಮೇಲಿರುವ ಶಿಲ್ಪ, ಕೆತ್ತನೆ, ಚಿತ್ರಗಳಿಗೆ ಕಲಮಿನಲ್ಲಿದ್ದ ವಿನಾಯಿತಿಯನ್ನೂ ಹಾಗೆಯೇ ಉಳಿಸಿಕೊಂಡಿತು. ನಮ್ಮೂರ ತೇರಿನ ಮರದ ಕೆತ್ತನೆಯಲ್ಲಿ, ಆನೆ ಕುದುರೆಗಳ ಸಾಲಿನ ಮೇಲೆ, ಮಿಥುನ ಜೋಡಿಗಳಿವೆ. ಜಾತ್ರೆಯ ದಿನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅದೇ ತೇರನ್ನು ಎಳೆಯುತ್ತೇವೆ. ಒಂದು ಚಿತ್ರವನ್ನು ಅದು ಇರುವ ಜಾಗದಿಂದ ಮತ್ತು ಅದನ್ನು ನೋಡುವ ಸಂದರ್ಭದಿಂದ ಬೇರ್ಪಡಿಸಿ ಅಳೆಯಲಾಗದು ಎಂಬ ತಿಳಿವಳಿಕೆ ಈ ಒಂದು ಸಾಲಿನಲ್ಲಿದೆ.

ಅದೇ 1969ರಲ್ಲಿ ಡೆನ್ಮಾರ್ಕ್ ವಯಸ್ಕರಿಗಾಗಿ ಅಶ್ಲೀಲ ಚಿತ್ರಗಳ ಮೇಲಿನ ನಿಷೇಧವನ್ನೇ ತೆಗೆದುಹಾಕಿತು. ಬರಹಗಳ ಮೇಲಿನದನ್ನು 1967ರಲ್ಲೇ ತೆಗೆದಿತ್ತು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸ್ಟ್ಯಾನ್ಲಿ ಪ್ರಕರಣದ ತೀರ್ಪು ಬಂದದ್ದೂ ಅದೇ ವರ್ಷ. ಜಾರ್ಜಿಯಾ ರಾಜ್ಯದ ಪೊಲೀಸರು ಜೂಜಿನ ಸಾಕ್ಷ್ಯ ಹುಡುಕುವುದಕ್ಕೆ ವಾರಂಟ್ ಪಡೆದು ಒಬ್ಬಾತನ ಮನೆಗೆ ಹೋಗಿದ್ದರು. ಮಹಡಿಯ ಮಲಗುವ ಕೋಣೆಯ ಮೇಜಿನ ಖಾನೆಯಲ್ಲಿ 8 ಮಿಲಿಮೀಟರ್ ಫಿಲ್ಮಿನ ಮೂರು ಸುರುಳಿಗಳು ಸಿಕ್ಕಿದವು. ಆತನದೇ ಪ್ರೊಜೆಕ್ಟರಿನಲ್ಲಿ ಅವನ್ನು ಹಾಕಿ ನೋಡಿ, ಅಶ್ಲೀಲವೆಂದು ಆತನನ್ನು ಬಂಧಿಸಿದರು. ತನ್ನ ಮನೆಯಲ್ಲಿ ಒಂಟಿಯಾಗಿ ಕುಳಿತ ಮನುಷ್ಯ ಯಾವ ಪುಸ್ತಕ ಓದಬೇಕು, ಯಾವ ಚಿತ್ರ ನೋಡಬೇಕು ಎಂದು ಹೇಳುವುದು ಸರ್ಕಾರದ ಕೆಲಸವಲ್ಲ ಎಂದು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದರು. ಆದರೆ ಎರಡೇ ವರ್ಷಗಳಲ್ಲಿ ಅದೇ ಕೋರ್ಟು, ಇಟ್ಟುಕೊಳ್ಳುವ ಹಕ್ಕಿನಿಂದ ಮಾರುವ ಹಕ್ಕು ಹುಟ್ಟುವುದಿಲ್ಲ ಎಂದೂ ಹೇಳಿತು. ನೋಡುವವನು ನಿರಪರಾಧಿ, ಕೊಟ್ಟವನು ಅಪರಾಧಿ ಎಂಬ ಸ್ಥಿತಿಗೆ ಅವರು ಹಕ್ಕಿನ ದಾರಿಯಿಂದ ಬಂದರು. ನಾವು ಕಲಮಿನ ಪದಗಳ ದಾರಿಯಿಂದ ಅಲ್ಲಿಗೇ ಬಂದಿದ್ದೆವು.

ಅಮೆರಿಕದಲ್ಲಿ ಮಾರುವವನಿಗೂ ಬಾಗಿಲು ತೆರೆದದ್ದು 1973ರ ಮಿಲ್ಲರ್ ತೀರ್ಪಿನಿಂದ. ಅಲ್ಲಿ ಕೋರ್ಟು ನಿಯಮವನ್ನು ಬಿಗಿಗೊಳಿಸಲೆಂದೇ ಹೊರಟಿತ್ತು. ಆದರೆ ಅದು ಇಟ್ಟ ಮೂರು ಷರತ್ತುಗಳು ಪ್ರಾಸಿಕ್ಯೂಷನ್ನಿಗೆ ಭಾರವಾದವು. ಸ್ಥಳೀಯ ಸಮುದಾಯದ ಸಾಮಾನ್ಯ ಮನುಷ್ಯನ ದೃಷ್ಟಿಯಲ್ಲಿ ಕೃತಿ ಇಡಿಯಾಗಿ ಕಾಮವಿಕಾರವನ್ನು ಕೆರಳಿಸಬೇಕು, ಕಾನೂನು ಹೆಸರಿಸಿದ ಲೈಂಗಿಕ ಕ್ರಿಯೆಯನ್ನು ಹೇಸಿಗೆ ಹುಟ್ಟುವಂತೆ ತೋರಿಸಬೇಕು, ಗಂಭೀರವಾದ ಸಾಹಿತ್ಯಿಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯ ಇರಬಾರದು. ಮೂರನ್ನೂ ಸಾಬೀತು ಮಾಡದಿದ್ದರೆ ಅದು ಅಶ್ಲೀಲವಲ್ಲ, ಅಶ್ಲೀಲವಲ್ಲದ್ದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿದೆ. ಚಿತ್ರೀಕರಣದ ಪ್ರಶ್ನೆ ಬೇರೆಯಾಗಿ ಬಂದಿತು. ನಟನಟಿಯರಿಗೆ ಹಣ ಕೊಟ್ಟು ಲೈಂಗಿಕ ದೃಶ್ಯ ತೆಗೆಯುವುದು ವೇಶ್ಯಾವಾಟಿಕೆಗೆ ಜನರನ್ನು ಒದಗಿಸಿದಂತೆ ಎಂದು ಕ್ಯಾಲಿಫೋರ್ನಿಯಾದಲ್ಲಿ ಫ್ರೀಮನ್ ಎಂಬ ನಿರ್ಮಾಪಕನ ಮೇಲೆ ಮೊಕದ್ದಮೆ ಹೂಡಿದರು. ಅದು ನಟನೆಗೆ ಕೊಟ್ಟ ಸಂಭಾವನೆ, ಕಾಮತೃಪ್ತಿಗೆ ಕೊಟ್ಟ ಹಣವಲ್ಲ ಎಂದು 1988ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಇಂದು ನಮ್ಮ ಹುಡುಗರ ಮೊಬೈಲಿಗೆ ಬಂದು ಬೀಳುವ ವಿದೇಶಿ ಚಿತ್ರಗಳಲ್ಲಿ ಹಲವಕ್ಕೆ ಇದೇ ತೀರ್ಪು ಹಿನ್ನೆಲೆ.

ಭಾರತ ಹಿಕ್ಲಿನ್ ಪರೀಕ್ಷೆಯನ್ನು ಬಿಡುವುದಕ್ಕೆ 2014 ಬರಬೇಕಾಯಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಆತನ ಭಾವಿ ಪತ್ನಿಯ ವಿವಸ್ತ್ರ ಚಿತ್ರವನ್ನು ಕೋಲ್ಕತ್ತದ ಪತ್ರಿಕೆಗಳು 1993ರಲ್ಲಿ ಮರುಮುದ್ರಿಸಿದ್ದವು. ಜನಾಂಗಭೇದದ ವಿರುದ್ಧ ಮಾತನಾಡಿದ್ದ ಆ ಚಿತ್ರ ಅಶ್ಲೀಲವಲ್ಲ, ಸಮಕಾಲೀನ ಸಮುದಾಯದ ಮಾನದಂಡದಿಂದಲೇ ಅಳೆಯಬೇಕು ಎಂದು ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ, ಅಶ್ಲೀಲ ತಾಣಗಳನ್ನೆಲ್ಲ ಮುಚ್ಚಿಸಬೇಕೆಂಬ ಅರ್ಜಿಯ ವಿಚಾರಣೆಯಲ್ಲಿ ಕನ್ನಡಿಗರೇ ಆದ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರು, ವಯಸ್ಕನೊಬ್ಬ ಬಂದು ನನ್ನ ಕೋಣೆಯ ನಾಲ್ಕು ಗೋಡೆಗಳ ನಡುವೆ ನೋಡುವುದನ್ನು ನೀವು ಹೇಗೆ ತಡೆಯುತ್ತೀರಿ ಎಂದು ಕೇಳಿದರೆ ಏನು ಹೇಳುವುದು ಎಂದು ಪ್ರಶ್ನಿಸಿದರು. ಅದು ವಿಚಾರಣೆಯ ನಡುವಿನ ಮಾತು, ತೀರ್ಪಲ್ಲ. 2015ರ ಜುಲೈ ಕೊನೆಗೆ ಕೇಂದ್ರ ಸರ್ಕಾರ 857 ತಾಣಗಳನ್ನು ತಡೆಯಲು ಆದೇಶಿಸಿ, ನಾಲ್ಕೈದು ದಿನಗಳಲ್ಲೇ ಅದನ್ನು ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇರೆಗೆ 827 ತಾಣಗಳು ಮತ್ತೆ ಮುಚ್ಚಿದವು. ತಾಣವನ್ನು ತಡೆಯುವ ಆದೇಶ ಸೇವೆ ಕೊಡುವ ಕಂಪನಿಗೆ ಅನ್ವಯಿಸುತ್ತದೆ, ನೋಡುವವನಿಗಲ್ಲ. ತಾಯಿಗೆ ಇದೊಂದನ್ನು ತಿಳಿಹೇಳುವುದಕ್ಕೆ ನಾನು ಅತಿ ಹೆಚ್ಚು ಹೊತ್ತು ತೆಗೆದುಕೊಂಡೆ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ ಆ ನಾಲ್ಕು ಗೋಡೆಗಳಿಗೆ ಸಂವಿಧಾನದ ಆಧಾರವೂ ಸಿಕ್ಕಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. 2023ರಲ್ಲಿ ಕೇರಳ ಹೈಕೋರ್ಟು, ರಸ್ತೆಬದಿಯಲ್ಲಿ ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡುತ್ತಿದ್ದವನ ಮೇಲಿನ ಕೇಸನ್ನು ರದ್ದುಪಡಿಸುತ್ತ, ಇತರರಿಗೆ ತೋರಿಸದೆ ಒಬ್ಬನೇ ನೋಡುವುದು 292ರ ಅಡಿ ಅಪರಾಧವಲ್ಲ ಎಂದಿತು.

ಈ ಮಾತು ವಯಸ್ಕರ ಚಿತ್ರಗಳಿಗೆ ಮಾತ್ರ ಸಲ್ಲುತ್ತದೆ. ಮಕ್ಕಳ ಲೈಂಗಿಕ ಚಿತ್ರಗಳ ವಿಷಯದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು ಹುಡುಕುವುದನ್ನೂ ಡೌನ್‌ಲೋಡ್ ಮಾಡುವುದನ್ನೂ ಅಪರಾಧವೆನ್ನುತ್ತದೆ. 2024ರ ಜುಲೈನಲ್ಲಿ ನಮ್ಮ ಹೈಕೋರ್ಟು ಬರೀ ನೋಡುವುದು ಅಪರಾಧವಲ್ಲವೆಂದು ಹೇಳಿ, ಕಲಮಿನ ಒಂದು ಭಾಗ ಗಮನಕ್ಕೆ ಬಾರದೆ ಹೋಗಿತ್ತೆಂದು ಕೆಲವೇ ದಿನಗಳಲ್ಲಿ ತನ್ನ ಆದೇಶವನ್ನು ಹಿಂಪಡೆಯಿತು. ತಪ್ಪನ್ನು ಅಷ್ಟು ಬೇಗ ತಿದ್ದಿಕೊಂಡದ್ದಕ್ಕೆ ನನಗೆ ಗೌರವವಿದೆ. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು ಅದು ಅಪರಾಧವೇ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿತು. ಅಲ್ಲಿ ಚಿತ್ರವೆಂಬುದೇ ಒಂದು ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ. ಅದನ್ನು ಪೋರ್ನೋಗ್ರಫಿ ಎಂದು ಕರೆಯುವುದೂ ತಪ್ಪು ಎಂದು ಕೋರ್ಟು ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಹೊರಡುವ ಮೊದಲು ಆ ತಾಯಿ ಇನ್ನೊಂದು ಪ್ರಶ್ನೆ ಕೇಳಿದರು. "ಆ ವಿಡಿಯೊದಲ್ಲಿರೋ ಹೆಣ್ಣುಮಗಳಿಗೆ ಇದು ಎಲ್ಲರೂ ನೋಡ್ತಿದ್ದಾರೆ ಅಂತ ಗೊತ್ತಿರುತ್ತಾ ಮೇಡಂ?" ನನ್ನ ವಕೀಲಿಯಲ್ಲಿ ಈ ಪ್ರಶ್ನೆಯನ್ನು ಮೊದಲು ಕೇಳಿದವರು ಬಹಳ ಕಡಿಮೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮು ಲೈಂಗಿಕ ಕ್ರಿಯೆಯಿರುವ ವಸ್ತುವನ್ನು ಪ್ರಕಟಿಸಿದವರಿಗೆ ಅಥವಾ ರವಾನಿಸಿದವರಿಗೆ ಐದು ವರ್ಷದವರೆಗೆ ಸೆರೆವಾಸ, ಹತ್ತು ಲಕ್ಷದವರೆಗೆ ದಂಡ ಎನ್ನುತ್ತದೆ. ಒಪ್ಪಿಗೆ ಎಂಬ ಪದ ಅದರಲ್ಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರೆಯೊಬ್ಬರ ಖಾಸಗಿ ವಿಡಿಯೊವನ್ನು ಪರಿಚಿತನೊಬ್ಬ ಹರಿಯಬಿಟ್ಟಾಗ, ಎಫ್‌ಐಆರ್‌ನಲ್ಲಿ 67 ಮತ್ತು 67ಎ ಮಾತ್ರ ಇದ್ದವು. ಖಾಸಗಿತನದ ಉಲ್ಲಂಘನೆಯ 66ಇ ಕಲಮನ್ನೂ, ಚಿತ್ರೀಕರಣಕ್ಕೆ ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ ಅದು ಅಪರಾಧವೆನ್ನುವ, 2013ರಲ್ಲಿ ದಂಡ ಸಂಹಿತೆಗೆ ಸೇರಿದ 354ಸಿ ಕಲಮನ್ನೂ ಸೇರಿಸಲು ನಾವು ಅರ್ಜಿ ಕೊಡಬೇಕಾಯಿತು. ಆಕೆಗೆ ಅದಕ್ಕಿಂತ ದೊಡ್ಡ ಭಯವೊಂದಿತ್ತು. ಅದನ್ನು ಮೊದಲು ಆತನಿಗೆ ಕಳುಹಿಸಿದವಳು ನಾನೇ ತಾನೇ, ನನ್ನ ಮೇಲೂ ಇದೇ ಕಲಮು ಬರುತ್ತದೆಯೇ ಎಂದು ಕೇಳಿದ್ದರು. ರವಾನೆ ಎಂಬ ಪದವನ್ನು ಅಕ್ಷರಶಃ ಓದಿದರೆ ಆ ಭಯಕ್ಕೆ ಆಧಾರವಿದೆ, ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಒಂದೂವರೆ ಶತಮಾನ ಕಾನೂನು ನೋಡುವವನ ಮನಸ್ಸು ಕೆಡುತ್ತದೆಯೇ ಎಂದೇ ಕೇಳುತ್ತ ಬಂದಿದೆ. ಆ ಪ್ರಶ್ನೆ ಸಡಿಲವಾದಷ್ಟೂ ನೋಡುವುದು, ಕೆಲವು ದೇಶಗಳಲ್ಲಿ ಮಾರುವುದೂ, ಅಪರಾಧದ ಪಟ್ಟಿಯಿಂದ ಹೊರಬಂದವು, ನಾನದನ್ನು ವಿರೋಧಿಸುವುದಿಲ್ಲ. ಆದರೆ ಚಿತ್ರದಲ್ಲಿರುವವರು ಒಪ್ಪಿದ್ದರೇ ಎಂಬ ಪ್ರಶ್ನೆ ಮೊದಲ ಸಾಲಿಗೆ ಬರಬೇಕಿತ್ತು, ಅದು ಇನ್ನೂ ಬದಿಯ ಕಲಮುಗಳಲ್ಲೇ ನಿಂತಿದೆ. 2024ರ ಜುಲೈ 1ರಂದು ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಹಳೆಯ 292 ಹೊಸ 294 ಆಯಿತು. ವಿದ್ಯುನ್ಮಾನ ರೂಪವೂ ಸೇರಿತು, ಮೊದಲ ಅಪರಾಧದ ದಂಡದ ಮಿತಿ ಎರಡು ಸಾವಿರದಿಂದ ಐದು ಸಾವಿರಕ್ಕೆ ಏರಿತು. ತೇರಿನ ಕೆತ್ತನೆಗಿದ್ದ ವಿನಾಯಿತಿ ಹಾಗೆಯೇ ಉಳಿಯಿತು. ಒಪ್ಪಿಗೆಯ ಬಗ್ಗೆ ಆ ಕಲಮಿಗೆ ಒಂದು ಪದವೂ ಸೇರಲಿಲ್ಲ.

ಆ ತಾಯಿಯ ಎದುರೇ 1930 ಸಹಾಯವಾಣಿಗೆ ಕರೆ ಮಾಡಿಸಿ ವಂಚನೆಯ ದೂರು ದಾಖಲಿಸಿದೆವು. ಹಣ ಹೋದ ದಿನ, ಸಮಯ, ವಹಿವಾಟಿನ ಸಂಖ್ಯೆ ಹೇಳಬೇಕಾದಾಗ ಆಕೆ ಮೊಬೈಲನ್ನು ತಿರುಗಿಸಿ, ಮೊದಲ ಬಾರಿಗೆ ಅದರ ಪರದೆಯನ್ನು ನನಗೆ ತೋರಿಸಿದರು.